ಮೂವತ್ತೊಂದು ಹಳೆಯ ಫೋನುಗಳು

ಒಂದಾನೊಂದು ಕಾಲದಲ್ಲಿ, ಏಳು ಸಮುದ್ರದ ಆಚೆಯಲ್ಲ, ಒಂದೇ ಒಂದು ಸಮುದ್ರದ ಆಚೆ ಒಂದು ದೇಶವಿತ್ತು. ಆ ದೇಶದ ಬಾಗಿಲುಗಳೆಲ್ಲ ಒಂದು ಬುಧವಾರ ಒಟ್ಟಿಗೇ ಮುಚ್ಚಿಕೊಂಡವು. ಅಂಗಡಿಯ ಬಾಗಿಲು, ಶಾಲೆಯ ಬಾಗಿಲು, ದೇವಸ್ಥಾನದ ಬಾಗಿಲು, ಕಡೆಗೆ ಆಕಾಶದ ಬಾಗಿಲೂ. ಒಳಗಿದ್ದವರು ಒಳಗೇ ಉಳಿದರು. ಅಲ್ಲಿ ಒಬ್ಬಳು ಹುಡುಗಿಯಿದ್ದಳು. ಅವಳಿಗೆ ಮರದ ಬಾಗಿಲು ಮಾಡಲು ಬರುತ್ತಿರಲಿಲ್ಲ, ಕಬ್ಬಿಣದ್ದೂ ಬರುತ್ತಿರಲಿಲ್ಲ. ಗಾಜಿನ ಮೇಲೆ ಬೆರಳಿಟ್ಟರೆ ತೆರೆಯುವ ಬಾಗಿಲು ಮಾತ್ರ ಬರುತ್ತಿತ್ತು. ತನ್ನಷ್ಟು ಚೆಂದದ ಬಾಗಿಲನ್ನು ಯಾರೂ ಮಾಡಲಾರರು ಎಂದು ಅವಳಿಗೆ ಒಳಗೊಳಗೇ ಜಂಬ.

ನನ್ನಜ್ಜಿಯಾಗಿದ್ದರೆ ಇಲ್ಲಿಗೆ ಕತೆ ನಿಲ್ಲಿಸಿ ನಮ್ಮ ಮುಖ ನೋಡುತ್ತಿದ್ದಳು. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವಳ ತೊಡೆಗೆ ಒರಗಿ ಬೆಳೆದವಳು ನಾನು. ಅವಳದೊಂದು ಕಟ್ಟುನಿಟ್ಟು: ಕತೆ ಕೇಳುವವರು ಹೂಂಗುಟ್ಟಬೇಕು. ಹೂಂ ಬಾರದಿದ್ದರೆ ಮುಂದಿನ ಮಾತಿಲ್ಲ. ಗೂಡ್ಸ್ ಗಾಡಿ ಹಾದುಹೋಗುವಾಗ ನಮ್ಮ ಹೂಂ ಅವಳಿಗೆ ಕೇಳಿಸುತ್ತಿರಲಿಲ್ಲ. ಆಗ ಕೊನೆಯ ಡಬ್ಬಿ ದಾಟುವವರೆಗೂ ರಾಜಕುಮಾರಿ ಬಾವಿಕಟ್ಟೆಯ ಮೇಲೆ ಒಂದು ಕಾಲೆತ್ತಿಕೊಂಡೇ ನಿಂತಿರಬೇಕಿತ್ತು.

ಬಾಗಿಲು ಮಾಡುತ್ತಿದ್ದ ಆ ಹುಡುಗಿ ನಾನೇ. ಹೆಸರು ಅಕ್ಷಯಾ. ಆ ದೇಶದ ಪೆಟಾಲಿಂಗ್ ಜಯಾ ಎಂಬ ಊರಿನ ಒಂದು ಕಂಪನಿಯಲ್ಲಿ ವೆಬ್ ಡೆವಲಪರ್. ಎರಡು ಸಾವಿರದ ಇಪ್ಪತ್ತನೇ ಇಸವಿಯ ಜೂನ್ ತಿಂಗಳು. ಮೂರು ತಿಂಗಳಿಂದ ನನ್ನ ಕೋಣೆಯೇ ನನ್ನ ಆಫೀಸು.

ಒಂದು ಶನಿವಾರ ನರಹರಿ ಅಂಕಲ್ ಫೋನ್ ಮಾಡಿದರು. ಅವರು ಇಲ್ಲಿನ ನಮ್ಮ ಕನ್ನಡ ಬಳಗದ ಕಾರ್ಯದರ್ಶಿ, ಮೈಸೂರಿನವರು. ಗಣೇಶನ ಹಬ್ಬಕ್ಕೆ ಮೈಕು ತರುವುದರಿಂದ ಹಿಡಿದು ಪಾಸ್‌ಪೋರ್ಟ್ ಕಳೆದುಕೊಂಡವರನ್ನು ಸಮಾಧಾನ ಮಾಡುವವರೆಗೆ ಎಲ್ಲವೂ ಅವರದೇ.

"ನೋಡಮ್ಮಾ, ಬೆಂಗಳೂರಿಗೆ ಒಂದು ಬಾಡಿಗೆ ವಿಮಾನ ಗೊತ್ತಾಗಿದೆ. ಇಪ್ಪತ್ತೊಂದನೇ ತಾರೀಕು, ಭಾನುವಾರ. ನೂರ ಎಂಬತ್ತಾರು ಸೀಟು. ವಾಟ್ಸ್ಯಾಪಲ್ಲಿ ಹೆಸರು ಕೊಡಿ ಅಂದ್ರೆ ಒಬ್ಬೊಬ್ಬರು ನಾಲ್ಕು ಸಲ ಕೊಡ್ತಾರೆ, ಮಧ್ಯೆ ಯಾರೋ ಗುಡ್ ಮಾರ್ನಿಂಗ್ ಹೂವು ಹಾಕ್ತಾರೆ. ನೀನೊಂದು ಪೇಜ್ ಮಾಡಿಕೊಡು. ಗುರುವಾರ ಸಂಜೆ ಐದಕ್ಕೆ ಪಟ್ಟಿ ಹೋಗ್ಬೇಕು. ಉಳಿದ ಸೀಟು ತೆಲುಗಿನವರ ಸಂಘಕ್ಕೆ ಬಿಟ್ಟುಕೊಡ್ತೀನಿ ಅಂದಿದೀನಿ, ಅವರೂ ಕಾಯ್ತಿದಾರೆ."

"ಅಷ್ಟೇ ತಾನೇ ಅಂಕಲ್?"

"ಅಷ್ಟೇ ಅಲ್ಲ. ಹೆಸರು ಕೊಟ್ಟವರಲ್ಲಿ ಒಬ್ಬರದ್ದೂ ಬಿಟ್ಟುಹೋಗಬಾರದು. ಆಮೇಲೆ ಜನ ನನ್ನನ್ನ ಹುರಿದು ತಿಂತಾರೆ."

"ಒಂದು ಹೆಸರೂ ಬಿಡದೆ ಪಟ್ಟಿ ನಿಮ್ಮ ಕೈಗೆ ಕೊಡ್ತೀನಿ. ಮಾತು ಕೊಟ್ಟೆ" ಎಂದೆ. ಮಾತು ಕೊಡುವಾಗ ನಾನು ಕಿಟಕಿಯಾಚೆ ಖಾಲಿ ಹೆದ್ದಾರಿಯ ಮೇಲೆ ನಡೆದು ಹೋಗುತ್ತಿದ್ದ ಮೋಡದ ನೆರಳನ್ನು ನೋಡುತ್ತಿದ್ದೆ.

ಭಾನುವಾರ ಇಡೀ ದಿನ ಕೂತು ಪುಟ ಮಾಡಿದೆ. ಹೆಸರು, ಊರು, ಪಾಸ್‌ಪೋರ್ಟ್ ಸಂಖ್ಯೆ, ಫೋನು, ಕೊನೆಗೊಂದು ಹಸಿರು ಗುಂಡಿ. ಗುಂಡಿ ಒತ್ತಿದ ತಕ್ಷಣ ಎಡಗಡೆಯಿಂದ ಒಂದು ಪುಟ್ಟ ಬಿಳಿಯ ವಿಮಾನ ಹೊರಟು, ಪರದೆಯುದ್ದಕ್ಕೂ ತೇಲಿ, ಬಲಗಡೆ ಮೋಡದಲ್ಲಿ ಮರೆಯಾಗುತ್ತಿತ್ತು. ಅದು ಹೋದ ದಾರಿಯಲ್ಲಿ ಅಕ್ಷರಗಳು ಮೂಡುತ್ತಿದ್ದವು: 'ಆಯಿತು, ನಿಮ್ಮ ಹೆಸರು ಸೇರಿದೆ.' ನಾನೇ ಇಪ್ಪತ್ತು ಸಲ ಹಾರಿಸಿ ನೋಡಿದೆ. ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ, ನನ್ನ ಹೊಸ ಫೋನಿನಲ್ಲಿ.

ನಮ್ಮ ಕಸುಬಿನಲ್ಲಿ ಒಂದು ಅಭ್ಯಾಸವಿದೆ. ಹೆಸರು ಸರ್ವರಿಗೆ, ಅಂದರೆ ಪಟ್ಟಿ ಇರುವ ದೂರದ ಕಂಪ್ಯೂಟರಿಗೆ, ತಲುಪಿತೋ ಇಲ್ಲವೋ ಎಂದು ಕಾಯುತ್ತ ಕೂತರೆ ಪುಟ ನಿಧಾನ ಎನಿಸುತ್ತದೆ. ಅದಕ್ಕಾಗಿ ಮೊದಲೇ 'ಆಯಿತು' ಎಂದುಬಿಡುವುದು, ಕೆಲಸ ಹಿಂದೆ ತಾನೇ ನಡೆಯುತ್ತಿರುತ್ತದೆ. ನೂರಕ್ಕೆ ತೊಂಬತ್ತೊಂಬತ್ತು ಸಲ ನಡೆದೇ ನಡೆಯುತ್ತದೆ.

ಬುಧವಾರ ಸಂಜೆಯ ಹೊತ್ತಿಗೆ ನೂರ ನಲವತ್ತೊಂಬತ್ತು ಹೆಸರು. "ಇಷ್ಟೇನಾ? ಇನ್ನೂ ಬರುತ್ತೆ ಅಂದ್ಕೊಂಡಿದ್ದೆ" ಎಂದರು ಅಂಕಲ್. ಗುರುವಾರ ಬೆಳಿಗ್ಗೆ ಎಲ್ಲರಿಗೂ ಪಟ್ಟಿಯಲ್ಲಿನ ಅವರವರ ಸಂಖ್ಯೆಯನ್ನು ಮೆಸೇಜ್ ಮಾಡಿದೆ. ಹತ್ತು ನಿಮಿಷಕ್ಕೆ ನನ್ನ ಫೋನ್ ಹೊಡೆದುಕೊಂಡಿತು.

"ಅಕ್ಷಯವ್ವಾ, ನಾ ಚಂದ್ರಮ್ಮ ಮಾತಾಡೂದು, ಸುಬಾಂಗ್ ಜಯಾದಾಗಿಂದ. ನರಹರಿಯವರು ನಿನ್ನ ನಂಬರ್ ಕೊಟ್ಟರು. ಎಲ್ಲಾರಿಗೂ ನಂಬರ್ ಬಂದದಂತ. ನಂದು ಎಷ್ಟನೇದು ನೋಡಿ ಹೇಳವಾ."

ಹುಡುಕಿದೆ. ಇರಲಿಲ್ಲ. "ಅಮ್ಮಾ, ನೀವು ತುಂಬಿಲ್ಲ ಅನ್ಸುತ್ತೆ."

"ತುಂಬೇನವಾ! ಸೋಮವಾರ ಮುಂಜಾನೆ ಕೂಸಿಗೆ ಎಣ್ಣಿ ಹಚ್ಚಿ, ಎರದು, ಮಲಗಿಸಿ, ಆಮ್ಯಾಲ ಕುಂತು ತುಂಬೇನಿ."

"ಗುಂಡಿ ಒತ್ತಿರಲಿಕ್ಕಿಲ್ಲ. ಇಲ್ಲಾ ಇಂಟರ್ನೆಟ್ ಹೋಗಿರುತ್ತೆ."

"ಇಂಟರ್ನೆಟ್ ಇರಲಿಲ್ಲಂದ್ರ ಇಮಾನ ಹ್ಯಾಂಗ ಹಾರ್ತು?"

ನಾನು ಪಟ್ಟಿಯಲ್ಲಿ ಇನ್ನೊಮ್ಮೆ ಹುಡುಕಿದೆ.

"ಇಮಾನ ಹಾರಿ ಹೋತು. 'ಆಯಿತು, ನಿಮ್ಮ ಹೆಸರು ಸೇರಿದೆ' ಅಂತ ಬಂತು. ಮಗಳು ಫೋಟೋ ಹೊಡದು ಇಟ್ಟಾಳ, ಕಳಸ್ತಾಳ ತಡಿ."

ಚಿತ್ರ ಬಂತು. ನನ್ನ ಮೋಡ, ನನ್ನ ಅಕ್ಷರ. ಮೋಡದಂಚಿನಲ್ಲಿ ನನ್ನ ವಿಮಾನದ ಬಾಲ. ಆ ಅಕ್ಷರಗಳನ್ನು ನಾನೇ ಬರೆದಿದ್ದೆ. ಅವು ಸುಳ್ಳು ಹೇಳಿದ್ದನ್ನು ಅವತ್ತೇ ಮೊದಲ ಸಲ ಕಂಡೆ.

"ಕೇಳಿಸ್ತದೇನು? ನನ್ನ ಸಣ್ಣ ಮಗಳು ವಾಸಂತಿ ಗದಗದಾಗ ಹಡಿಯಾಕಿ ಅದಾಳ. ಜುಲೈ ಮೂರನೇ ವಾರ ಅಂದಾರ ಡಾಕ್ಟರ್. ಹ್ವಾದ ವರ್ಷ ಅಕಿ ಕೂಸು ಉಳೀಲಿಲ್ಲವಾ. ನಾ ಊರಾಗಿದ್ರೂ ದವಾಖಾನಿಗೆ ಮುಟ್ಟೂದು ತಡ ಆತು. ಈ ಸಲ ನಾ ಮೊದಲ ಬಂದಿರ್ತೀನಿ ಅಂತ ಅಕಿ ಕೈಮ್ಯಾಲ ಕೈ ಇಟ್ಟು ಬಂದೇನಿ. ಇಲ್ಲೆ ದೊಡ್ಡಾಕಿ ಬಾಣಂತನ ಮುಗಿಸಿ ಮಾರ್ಚಿಗೆ ಹೋಗಾಕಿ ಇದ್ದೆ, ಎಲ್ಲಾ ಬಂದ್ ಆತು. ಇಪ್ಪತ್ತೊಂದಕ್ಕ ಹೋದ್ರ ಹದಿನಾಲ್ಕು ದಿನ ಕ್ವಾರಂಟೈನ್ ಕಳದು ಸರಿಯಾಗಿ ಮುಟ್ಟತೀನಿ. ಇದು ತಪ್ಪಿದ್ರ ಇಲ್ಲ."

"ಅಮ್ಮಾ, ಈಗಲೇ ನಿಮ್ಮ ಹೆಸರು ನಾನೇ ಬರ್ಕೋತೀನಿ. ಚಿಂತೆ ಬೇಡ."

ಹಿಂದೆ ಮಗು ಅಳುತ್ತಿತ್ತು.

"ಅದು ಖರೆ. ಆದ್ರ ನನ್ನಂಗ ಇಮಾನ ಹಾರಿಸಿ ಸುಮ್ಮ ಕುಂತಾವರು ಇನ್ನೆಷ್ಟು ಮಂದಿ ಅದಾರ?"

ನಾನು ಯೋಚಿಸಿಯೇ ಇರಲಿಲ್ಲ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಪುಟವನ್ನು ಯಾರು ಯಾವಾಗ ತೆರೆದರು, ಯಾವ ಬ್ರೌಸರಿನಿಂದ ತೆರೆದರು ಎಂಬುದನ್ನು ಸರ್ವರು ಒಂದೊಂದು ಸಾಲಾಗಿ ಬರೆದಿಟ್ಟಿರುತ್ತದೆ. ಹೆಸರಿರುವುದಿಲ್ಲ, ಬರೀ ವೇಳೆ ಮತ್ತು ಬ್ರೌಸರಿನ ವಯಸ್ಸು. ತೀರ ಹಳೆಯ ಬ್ರೌಸರುಗಳನ್ನು ಬೇರೆ ಮಾಡಿ ಎಣಿಸಿದೆ. ಮೂವತ್ತೊಂದು. ಆ ಮೂವತ್ತೊಂದು ಫೋನುಗಳಿಂದ ಒಂದೇ ಒಂದು ಹೆಸರೂ ಬಂದಿರಲಿಲ್ಲ. ಮತ್ತೊಮ್ಮೆ ಎಣಿಸಿದೆ. ನೀರು ಕುಡಿದು ಬಂದು ಎಣಿಸಿದೆ. ಮೂವತ್ತೊಂದೇ. ಅವರೆಲ್ಲ ಎಲ್ಲೆಲ್ಲೋ ಕೂತು ಪೆಟ್ಟಿಗೆ ಕಟ್ಟುತ್ತಿದ್ದರು.

ಬ್ರೌಸರ್ ಎಂದರೆ ಕತೆ ಹೇಳುವ ಅಜ್ಜಿ ಎಂದು ನಾನು ಯಾವಾಗಲೂ ಅಂದುಕೊಳ್ಳುವುದುಂಟು. ನಾನು ಬರೆದಿಡುತ್ತೇನೆ, ಅವಳು ಓದಿ ಹೇಳುತ್ತಾಳೆ. ಒಂದೊಂದು ಫೋನಿನಲ್ಲಿ ಒಂದೊಂದು ಅಜ್ಜಿ. ಒಬ್ಬಳು ಹಾಡಿ ಹೇಳಿದ್ದನ್ನು ಇನ್ನೊಬ್ಬಳು ಹಾರಿಸಿಬಿಡಬಾರದೆಂದೇ ಲೋಕದ ಹಿರಿಯರು ಕೂತು ಒಪ್ಪಂದ ಬರೆದಿದ್ದಾರೆ. ವೆಬ್ ಸ್ಟ್ಯಾಂಡರ್ಡ್ಸ್ ಎಂದರೆ ಅದೇ. ಆ ಹಿರಿಯರು ಜಾಣರು. ಪುಟದ ಮೈಕಟ್ಟಿನಲ್ಲಿ, ಅಲಂಕಾರದಲ್ಲಿ ಗೊತ್ತಿಲ್ಲದ ಮಾತು ಬಂದರೆ ಅದೊಂದನ್ನು ಬಿಟ್ಟು ಮುಂದೆ ಹೋಗು ಎಂದು ಮುದಿ ಬ್ರೌಸರಿಗೆ ವಿನಾಯಿತಿ ಕೊಟ್ಟಿದ್ದಾರೆ. ಆದರೆ ಪುಟದ ಹಿಂದೆ ಕೆಲಸ ಮಾಡುವ ಸ್ಕ್ರಿಪ್ಟಿಗೆ ಆ ದಾಕ್ಷಿಣ್ಯವಿಲ್ಲ. ಅದರಲ್ಲಿ ಒಂದೇ ಒಂದು ಹೊಸ ಮಾತು ಅರ್ಥವಾಗದಿದ್ದರೆ ಅಜ್ಜಿ ಬಾಯಿ ಮುಚ್ಚಿಬಿಡುತ್ತಾಳೆ.

ನನ್ನ ವಿಮಾನ ಅಲಂಕಾರದ ಕೆಲಸ. ಅದು ಎಲ್ಲ ಫೋನುಗಳಲ್ಲೂ ಹಾರಿತ್ತು. ಹೆಸರು ಒಯ್ಯುವುದು ಸ್ಕ್ರಿಪ್ಟಿನ ಕೆಲಸ. ಅದು ಹಳೆಯ ಫೋನುಗಳಲ್ಲಿ ಮೊದಲ ಸಾಲಿಗೇ ಬಾಯಿ ಮುಚ್ಚಿತ್ತು. ಸರ್ವರು ಹೂಂ ಅನ್ನುವುದನ್ನು ಕಾಯದೆ, ಅದರ ಪರವಾಗಿ ನಾನೇ ಹೂಂ ಅಂದುಬಿಟ್ಟಿದ್ದೆ. ಹೂಂ ಬಾರದೆ ಒಂದು ಮಾತು ಮುಂದೆ ಹೇಳದವಳ ಮೊಮ್ಮಗಳು!

ಸ್ಟ್ಯಾಂಡರ್ಡ್ಸಿನಲ್ಲಿ ಇಪ್ಪತ್ತೈದು ವರ್ಷದಷ್ಟು ಹಳೆಯ, ಸಾದಾ ಫಾರ್ಮ್ ಒಂದಿದೆ. ಸ್ಕ್ರಿಪ್ಟೇ ಬೇಕಿಲ್ಲ, ಗುಂಡಿ ಒತ್ತಿದರೆ ಬ್ರೌಸರು ತಾನೇ ಹೆಸರನ್ನು ಹೊತ್ತುಕೊಂಡು ಹೋಗಿ ಉತ್ತರ ತರುತ್ತದೆ. ಎಷ್ಟೇ ಮುದಿಯಾದ ಬ್ರೌಸರಿಗೂ ಅದು ಗೊತ್ತು. ನಾನದನ್ನು 'ಹಳೇ ಕಾಲದ್ದು' ಎಂದು ಮುಟ್ಟಿರಲಿಲ್ಲ.

ನರಹರಿ ಅಂಕಲಿಗೆ ಹೇಳಿದೆ.

"ಏನು? ಮೂವತ್ತೊಂದಾ?" ಅವರ ಧ್ವನಿ ಒಡೆಯಿತು. "ಯಾರವರು?"

"ಗೊತ್ತಿಲ್ಲ ಅಂಕಲ್. ಗೊತ್ತಾಗೋ ಹಾಗೂ ಇಲ್ಲ."

"ಲಿಸ್ಟಲ್ಲಿ ಇಲ್ಲದವರ ಲಿಸ್ಟನ್ನ ಎಲ್ಲಿಂದ ತರಲಮ್ಮಾ? ಅವರು ಫೋನ್ ಕೂಡ ಮಾಡಲ್ವಲ್ಲ. ಮೆಸೇಜ್ ನಾಳೆ ಬಂದೀತು ಅಂತ ಕೂತಿರ್ತಾರೆ. ಐದಕ್ಕೆ ನಾನು ಸೀಟು ಬಿಡಲೇಬೇಕು, ಮಾತು ಕೊಟ್ಟಿದೀನಿ."

"ಐದರವರೆಗೆ ಟೈಮ್ ಇದೆಯಲ್ಲ."

"ಟೈಮ್ ನಿಜವಾಗ್ಲೂ ಇದೆಯಾ, ಇಲ್ಲಾ ಅದೂ ನಿನ್ನ ವಿಮಾನದ ಹಾಗೇನಾ?"

ಆ ಮಾತು ನಾಟಿತು. ನಾಟಲೇಬೇಕಿತ್ತು.

ಆಗ ಹನ್ನೊಂದೂವರೆ. ಹಳೆಯ ಫೋನೊಂದು ನನ್ನ ಕೈಯಲ್ಲಿಲ್ಲದೆ ರಿಪೇರಿ ಮಾಡುವುದು ಕತ್ತಲಲ್ಲಿ ಸೂಜಿಗೆ ದಾರ ಹಾಕಿದಂತೆ. ಗ್ರ್ಯಾಬ್ ಟ್ಯಾಕ್ಸಿ ಕರೆಸಿ ಸುಬಾಂಗ್ ಜಯಾದ ಚಂದ್ರಮ್ಮನವರ ಮನೆಗೆ ಹೊರಟೆ. ಕಾರಿನಲ್ಲೇ ಲ್ಯಾಪ್‌ಟಾಪ್ ತೆರೆದು ಸಾದಾ ಫಾರ್ಮ್ ಬರೆಯತೊಡಗಿದೆ. ಅಪಾರ್ಟ್‌ಮೆಂಟಿನ ಗಾರ್ಡು ಹಣೆಗೆ ಜ್ವರದ ಗನ್ ಹಿಡಿದು, ಪುಸ್ತಕದಲ್ಲಿ ಹೆಸರು ಬರೆಸಿ, ಬರೆದದ್ದನ್ನು ಜೋರಾಗಿ ಓದಿ, ನಾನು ತಲೆಯಾಡಿಸಿದ ಮೇಲೆಯೇ ಗೇಟು ತೆಗೆದ. ನನಗೆ ಅಳು ಬರುವಂತಾಯಿತು.

ಬಾಗಿಲು ತೆಗೆದವಳು ಚಂದ್ರಮ್ಮನವರ ದೊಡ್ಡ ಮಗಳು ಮಹಾಲಕ್ಷ್ಮಿ. ಕಿವಿಯಲ್ಲಿ ಆಫೀಸಿನ ಮೀಟಿಂಗ್, ತೋಳಿನಲ್ಲಿ ಮಗು. "ಬಾ, ಬಾ. ನಾ ಮ್ಯೂಟಿನಾಗ ಅದೀನಿ. ಅದು ನನ್ನ ಹಳೇ ಫೋನು. ವಾಟ್ಸ್ಯಾಪ್ ನಡದ್ರ ಸಾಕು ಅಂತ ಅವ್ವಗ ಕೊಟ್ಟಿದ್ದೆ" ಎಂದು ಪಿಸುಗುಟ್ಟಿ ಒಳಗೆ ಹೋದಳು.

ಚಂದ್ರಮ್ಮನವರು ಸೋಫಾದ ತುದಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಪಾಸ್‌ಪೋರ್ಟು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀನಾ ಇಮಾನದಾಕಿ? ಇಷ್ಟ ಸಣ್ಣಾಕಿ ಅದಿಯಲ್ಲ! ಉಂಡಿಯೇನು?"

"ಆಮೇಲೆ ಅಮ್ಮಾ. ಮೊದಲು ಪಾಸ್‌ಪೋರ್ಟ್ ಕೊಡಿ, ನಿಮ್ಮದನ್ನ ಕೈಯಲ್ಲೇ ಸೇರಿಸಿಬಿಡ್ತೀನಿ."

ಅವರು ಪಾಸ್‌ಪೋರ್ಟನ್ನು ಸೆರಗಿನೊಳಗೆ ಎಳೆದುಕೊಂಡರು. "ಬ್ಯಾಡ. ನಂದು ಈ ಫೋನಿಂದನ ಹೋಗಲಿ. ಇದರಿಂದ ಹೋತಂದ್ರ ಉಳದವರದೂ ಹೋಗ್ತದ. ನನ್ನ ಕೆಲಸ ಆತಂದ್ರ ನೀ ಎದ್ದು ಹೋಗತಿ, ನಾ ಏನು ನೋಡಿಲ್ಲೇನು ಮಂದೀನ."

"ನಾನು ಹಾಗೆ ಹೋಗಲ್ಲ!"

"ಹೋಗೂದಿಲ್ಲಂದ್ರ ಚಲೋ ಆತು. ಕೂಡು, ಮಾಡು."

ಹನ್ನೆರಡೂ ಮುಕ್ಕಾಲಿಗೆ ಹೊಸ ಪುಟವನ್ನು ಹಳೆಯ ವಿಳಾಸದಲ್ಲೇ ಏರಿಸಿದೆ. ವಿಮಾನವಿಲ್ಲ, ಮೋಡವಿಲ್ಲ. ನಾಲ್ಕು ಖಾಲಿ ಚೌಕ, ಒಂದು ಬೂದು ಗುಂಡಿ. ಚಂದ್ರಮ್ಮನವರು ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಕುಟ್ಟಿ ತುಂಬಿದರು. ಗುಂಡಿ ಒತ್ತಿದರು.

ವಿಮಾನ ಹಾರಿತು.

ನಾನು ಅಳಿಸಿ ಹಾಕಿದ್ದ ವಿಮಾನ, ಈಗ ಎಲ್ಲೂ ಇಲ್ಲದ ವಿಮಾನ, ಅದೇ ಗತ್ತಿನಲ್ಲಿ ಎಡದಿಂದ ಬಲಕ್ಕೆ ಹೋಗಿ ಮೋಡ ಸೇರಿತು. 'ಆಯಿತು, ನಿಮ್ಮ ಹೆಸರು ಸೇರಿದೆ.' ಸತ್ತವರು ಎದ್ದು ಬಂದ ಕತೆಗಳನ್ನು ಅಜ್ಜಿ ಹೇಳುತ್ತಿದ್ದಾಗ ಮೈ ಜುಂ ಎನ್ನುತ್ತಿತ್ತು. ಹಾಡಹಗಲಲ್ಲಿ, ಸೋಫಾದ ಮೇಲೆ ಕೂತು, ಅದಕ್ಕಿಂತ ಹೆಚ್ಚಾಗಿ ನಡುಗಿದೆ.

"ಮತ್ತ ಹಾರ್ತಲ್ಲವಾ ನಿನ್ನ ಹಾಳಾದ ಇಮಾನ!" ಎಂದರು ಚಂದ್ರಮ್ಮ.

ಹೊಳೆಯಲು ಐದು ನಿಮಿಷ ಹಿಡಿಯಿತು. ಪುಟ ಬೇಗ ತೆರೆಯಲಿ ಎಂದು, 'ಒಮ್ಮೆ ಇಳಿಸಿಕೊಂಡದ್ದನ್ನು ಒಂದು ವಾರ ನಿನ್ನ ಹತ್ತಿರವೇ ಇಟ್ಟುಕೋ' ಎಂದು ಬ್ರೌಸರುಗಳಿಗೆ ನಾನೇ ಅಪ್ಪಣೆ ಕೊಟ್ಟಿದ್ದೆ. ಫೋನು ಹೇಳಿದ ಮಾತು ಕೇಳಿತ್ತು. ಹೊಸ ಪುಟ ಬಂದಿದೆಯೇ ಎಂದು ನನ್ನನ್ನು ವಿಚಾರಿಸದೆ, ತನ್ನ ಹೊಟ್ಟೆಯೊಳಗಿದ್ದ ಹಳೆಯದನ್ನೇ ತೆಗೆದು ತೋರಿಸಿತ್ತು. ಮೂವತ್ತೊಂದು ಫೋನುಗಳ ಹೊಟ್ಟೆಯಲ್ಲೂ ಆ ವಿಮಾನ ಕೂತಿತ್ತು. ಅವುಗಳನ್ನು ಅಲ್ಲಿಂದ ಎಬ್ಬಿಸಲು ಇಲ್ಲಿಂದ ನನ್ನಿಂದಾಗದು.

ಉಳಿದದ್ದು ಒಂದೇ ದಾರಿ: ಬೇರೆ ವಿಳಾಸ. ಹೊಸ ವಿಳಾಸದಲ್ಲಿ ಪುಟ ಹಾಕಿ, ಲಿಂಕನ್ನು ಚಂದ್ರಮ್ಮನವರಿಗೆ ಕಳಿಸಿದೆ. ಅವರು ಮೂರನೆಯ ಸಲ ತಮ್ಮ ಹೆಸರು ಕುಟ್ಟಿದರು. ಒತ್ತಿದರು. ಪುಟ ಬೆಳ್ಳಗಾಯಿತು. ಒಂದು ನೀಲಿ ಗೆರೆ ಮೇಲ್ಗಡೆ ಬಸವನಹುಳುವಿನಂತೆ ತೆವಳಿತು. ಅಷ್ಟು ನಿಧಾನವಾದ ಪುಟವನ್ನು ನನ್ನ ಜೀವಮಾನದಲ್ಲಿ ಮಾಡಿರಲಿಲ್ಲ. ಅಷ್ಟು ಕಣ್ಣಿಟ್ಟು ಯಾವುದನ್ನೂ ಕಾದಿರಲಿಲ್ಲ. ಆಮೇಲೆ ಸರ್ವರು ಬರೆದು ಕಳಿಸಿದ ಒಂದು ಸಾಲು ಬಂತು: 'ಚಂದ್ರಮ್ಮ, ಗದಗ. ನಿಮ್ಮ ಸಂಖ್ಯೆ ನೂರ ಐವತ್ತು.' ನನ್ನ ಲ್ಯಾಪ್‌ಟಾಪಿನ ಪಟ್ಟಿಯಲ್ಲೂ ಅದೇ ಹೆಸರು, ಅದೇ ಸಂಖ್ಯೆ.

"ಇದು ಚಂದ ಇಲ್ಲ ನೋಡು," ಎಂದರು ಅವರು, "ಆದ್ರ ಖರೆ ಹೇಳ್ತದ."

ಇನ್ನು ಮೂವತ್ತು. ಎಲ್ಲವೂ ಆಯಿತೆಂದು ನಿಶ್ಚಿಂತೆಯಾಗಿ ಕೂತವರನ್ನು ಎಬ್ಬಿಸುವುದು ಹೇಗೆ? ಬಳಗದ ಗುಂಪಿನಲ್ಲಿ ನಾನು ಒಂದು ಸೂಚನೆ ಬರೆದೆ: 'ತಾಂತ್ರಿಕ ಕಾರಣಗಳಿಂದ ಕೆಲವು ನೋಂದಣಿಗಳು...' ಚಂದ್ರಮ್ಮ ಓದಿ ಮುಖ ಕಿವುಚಿದರು. "ಇದನ್ನ ಯಾರು ಓದ್ತಾರ? ಕೊಡು ಇಲ್ಲೆ." ಮೈಕಿನ ಗುರುತನ್ನು ಒತ್ತಿ ಹಿಡಿದು ಶುರುಮಾಡಿದರು:

"ಕೇಳ್ರಿ ಎಲ್ಲಾರೂ. ನಾ ಚಂದ್ರಮ್ಮ, ಗದಗದಾಕಿ. ಇಮಾನದ ಫಾರ್ಮ್ ಹಳೇ ಫೋನಿನಾಗ ತುಂಬಿದವರು ಇದ್ರ, ನಿಮ್ಮ ಹೆಸರು ಹೋಗಿಲ್ಲ. ಇಮಾನ ಹಾರೇದ, ಆದ್ರ ಸುಳ್ಳ ಹಾರೇದ. ನಂದೂ ಹಂಗ ಆಗಿತ್ತು. ನಂಬರ್ ಬಂದಿಲ್ಲಂದ್ರ ಹೆಸರು ಇಲ್ಲಂತ ತಿಳೀರಿ. ಕೆಳಗ ಹೊಸಾ ಲಿಂಕ್ ಅದ, ಐದರೊಳಗ ತುಂಬ್ರಿ. ತುಂಬಾಕ ಬರಲಿಲ್ಲಂದ್ರ ಈ ನಂಬರಿಗೆ ಫೋನ್ ಹಚ್ಚ್ರಿ. ಮಾಡಿದ ಹುಡುಗಿ ಇಲ್ಲೇ ನನ್ನ ಬಾಜೂಕ ಕುಂತಾಳ. ಬೈಯೂದಿದ್ರ ಬೈರಿ, ಆದ್ರ ಮೊದಲ ಹೆಸರು ಕೊಟ್ಟು ಆಮ್ಯಾಲ ಬೈರಿ."

ಆ ಧ್ವನಿ ಒಂದು ಗುಂಪಿನಿಂದ ಇನ್ನೊಂದಕ್ಕೆ, ಅಡುಗೆಯವರಿಂದ ಫ್ಯಾಕ್ಟರಿಯವರಿಗೆ, ಅಲ್ಲಿಂದ ಹಾಸ್ಟೆಲಿನ ಮಕ್ಕಳಿಗೆ ಹೋಯಿತು. ಒಂದೂವರೆಗೆ ಮೊದಲ ಕರೆ. ಆಮೇಲೆ ಫೋನು ಬಾಯಿ ಮುಚ್ಚಲಿಲ್ಲ. ಜನ ಹೇಳಿದಂತೆಯೇ ಮಾಡಿದರು: ಹೆಸರು ಕೊಟ್ಟರು, ಆಮೇಲೆ ಬೈದರು. "ಏನ್ರೀ, ಮಕ್ಕಳಾಟ ಆಡ್ತೀರಾ?" ಎಂದರು ಒಬ್ಬರು. ಇನ್ನೊಬ್ಬರು, "ಪರವಾಗಿಲ್ಲ ಬಿಡು ಲಾ" ಎಂದು ಇಲ್ಲಿನ ಧಾಟಿಯಲ್ಲಿ ನಕ್ಕರು. ಆ ನಗುವೇ ಹೆಚ್ಚು ಚುಚ್ಚಿತು. ಪ್ರತಿಯೊಬ್ಬರನ್ನೂ ಮೊದಲ ಸಲ ಯಾವಾಗ ತುಂಬಿದಿರಿ ಎಂದು ಕೇಳಿದೆ. ಸೋಮವಾರ ಪೂಜೆಯಾದ ಮೇಲೆ, ಮಂಗಳವಾರ ಶಿಫ್ಟ್ ಬಿಟ್ಟಾಗ. ಆ ವೇಳೆಗೆ ತಾಳೆಯಾಗುವ ಸಾಲನ್ನು ಸರ್ವರಿನ ದಾಖಲೆಯಲ್ಲಿ ಹುಡುಕಿ ಹೊಡೆದುಹಾಕಿದೆ. ಮೂರು ಫೋನುಗಳಲ್ಲಿ ಇಬ್ಬಿಬ್ಬರು ತುಂಬಿದ್ದರು. ಉಳಿದ ಸಾಲುಗಳು ಹತ್ತಾದವು, ಐದಾದವು. ಚಂದ್ರಮ್ಮ ನನ್ನ ಬಾಯಿಗೆ ಅವಲಕ್ಕಿ ತುರುಕಿದರು.

ನಾಲ್ಕೂ ಕಾಲಿಗೆ ಒಂದು ಸಾಲು ಉಳಿಯಿತು. ಮಂಗಳವಾರ, ಮಧ್ಯಾಹ್ನ ಮೂರೂ ಹದಿನೈದು.

ಅದರ ಹಿಂದಿನ ಸಾಲು ಮೂರೂ ಹನ್ನೆರಡರದು. ಅದು ಉಡುಪಿಯ ಕಡೆಯ ನಾಣಿ ಎಂಬ ಅಡುಗೆಯವರದೆಂದು ಆಗಲೇ ಗೊತ್ತಾಗಿತ್ತು. ಮೂರು ನಿಮಿಷದ ಅಂತರ. ಅವರಿಗೆ ಫೋನ್ ಮಾಡಿದೆ.

"ನಾಣಿಯವರೇ, ಅವತ್ತು ನಿಮ್ಮ ಜೊತೆ ಬೇರೆ ಯಾರಾದ್ರೂ ತುಂಬಿದ್ರಾ?"

"ಹೌದು ಮಾರಾಯ್ರೆ, ನಮ್ಮ ಶಿವಪ್ಪ! ಊಟದ ಗಲಾಟೆ ಮುಗಿದ ಮೇಲೆ ಇಬ್ರೂ ಕೂತು ತುಂಬಿದ್ದು. ಅವ ನಿನ್ನೆಯಿಂದ ಕ್ಲಾಂಗಿನ ಒಂದು ಹೋಟೆಲಿಗೆ ಹೋಗಿದ್ದಾನೆ, ತಪಾವ್, ಅಂದ್ರೆ ಪಾರ್ಸಲ್ ಊಟ, ಕಟ್ಟಿ ಕೊಡ್ಲಿಕ್ಕೆ."

ಶಿವಪ್ಪನ ಫೋನು ಆಫ್. ಮತ್ತೆ ಮಾಡಿದೆ. ಆಫ್. ಪಾರ್ಸಲ್ ಕಟ್ಟುವಾಗ ಫೋನ್ ಇಟ್ಟುಕೊಳ್ಳಲು ಬಿಡುವುದಿಲ್ಲವಂತೆ. ಹೋಟೆಲಿನ ನಂಬರು ನಾಣಿಗೆ ಗೊತ್ತಿಲ್ಲ; ಎದುರಿನ ಮಾಮಾಕ್ ಅಂಗಡಿಯ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಚಹಾದಂಗಡಿಯ, ನಂಬರು ಯಾರಿಂದಲೋ ಸಿಗಬಹುದು. "ತಡೀರಿ, ಹತ್ತು ನಿಮಿಷ" ಎಂದವರು ಇಪ್ಪತ್ತೆರಡು ನಿಮಿಷ ತೆಗೆದುಕೊಂಡರು. ಅಷ್ಟರಲ್ಲಿ ನರಹರಿ ಅಂಕಲ್ ಎರಡು ಸಲ ಕರೆದರು.

"ಅಕ್ಷಯಾ, ಕಳಿಸಮ್ಮಾ ಸಾಕು. ಒಂದೇ ತಾನೇ?"

"ಒಂದೂ ಬಿಡಲ್ಲ ಅಂದಿದ್ದೆ ಅಂಕಲ್."

ಅವರು ಉಸಿರು ಬಿಟ್ಟದ್ದು ಕೇಳಿಸಿತು. "ನಾಲ್ಕು ಐವತ್ತೈದು. ಅದಕ್ಕಿಂತ ಒಂದು ನಿಮಿಷ ಜಾಸ್ತಿ ಇಲ್ಲ."

ನಾಲ್ಕೂ ನಲವತ್ತೇಳಕ್ಕೆ ಮಾಮಾಕ್ ಅಂಗಡಿಯವನು ರಸ್ತೆ ದಾಟಿ ತನ್ನ ಫೋನನ್ನು ಶಿವಪ್ಪನ ಕೈಗಿಟ್ಟ.

"ಯಾರ್ರೀ? ನಂದು ಆಗೈತಲ್ರೀ, ಇಮಾನ ಹಾರೇತಿ."

"ಆಗಿಲ್ಲ ಅಣ್ಣಾ. ತಪ್ಪು ನನ್ನದು. ನಿಮ್ಮ ಪಾಸ್‌ಪೋರ್ಟ್ ನಂಬರ್ ಹೇಳಿ."

ಆಚೆ ಕಡೆ ಪ್ಲಾಸ್ಟಿಕ್ ಚೀಲಗಳ ಸದ್ದು. ಅವನಿಗೆ ಆಗುತ್ತಿದ್ದ ಆಘಾತ ಬೆಳಿಗ್ಗೆಯಿಂದ ನನಗೆ ಪರಿಚಯವಾಗಿದ್ದದ್ದೇ. ಆಮೇಲೆ ಮೆಲ್ಲಗೆ, "ನನ್ನ ಕಿಸೇದಾಗ ಝೆರಾಕ್ಸ್ ಐತ್ರಿ, ತಡೀರಿ" ಎಂದ. ಒಂದೊಂದೇ ಅಂಕಿ ಓದಿದ. ನಾನು ತಿರುಗಿ ಓದಿದೆ. ಅವನು ಹೌದೆಂದ. ಪಟ್ಟಿಗೆ ಹಾಕಿದೆ. ನೂರ ಎಂಬತ್ಮೂರು.

ಕೊನೆಯ ಸಾಲಿನ ಮೇಲೆ ಗೀಟು ಎಳೆದು, ನಾಲ್ಕೂ ಐವತ್ಮೂರಕ್ಕೆ ಪಟ್ಟಿಯನ್ನು ನರಹರಿ ಅಂಕಲಿಗೆ ಕಳಿಸಿದೆ. ಫೋನನ್ನು ಸ್ಪೀಕರಿಗೆ ಹಾಕಿ ಚಂದ್ರಮ್ಮನವರೂ ನಾನೂ ಕಾದೆವು. ಅಂಕಲ್ ಒಂದರಿಂದ ಎಣಿಸುತ್ತಿದ್ದರು. ಅರ್ಧ ಬಾಯಲ್ಲಿ, ಅರ್ಧ ಮನಸ್ಸಿನಲ್ಲಿ.

"ನೂರ ಐವತ್ತು, ಚಂದ್ರಮ್ಮ..." ಎಂದು ಕೇಳಿಸಿದಾಗ ಪಕ್ಕದಲ್ಲಿ ಕೂತವರು ಪಾಸ್‌ಪೋರ್ಟನ್ನು ಸೆರಗಿನಿಂದ ತೆಗೆದು ಮಡಿಲಿಗಿಟ್ಟುಕೊಂಡರು.

"...ನೂರ ಎಂಬತ್ತೆರಡು. ನೂರ ಎಂಬತ್ಮೂರು, ಶಿವಪ್ಪ. ಸರಿ ಇದೆ ಅಕ್ಷಯಾ. ಮೂರು ಸೀಟು ತೆಲುಗಿನವರಿಗೆ. ಕಳಿಸಿದೆ ನೋಡು. ತಡಿ... ವಿಮಾನದವರ ಉತ್ತರ ಬಂತು. ಪಟ್ಟಿ ತಲುಪಿದೆ, ನೂರ ಎಂಬತ್ಮೂರು ಹೆಸರು ಅಂತ ಬರೆದಿದಾರೆ."